ಪ್ರಶ್ನೋತ್ತರ: 60 ಕಿ.ಮೀ. ಸವಾರಿಗೆ ಕುದುರೆ ತಯಾರಾಗಿದೆಯಾ?

ಪ್ರಶ್ನೆ (ಸದಸ್ಯರು, ಜಮಖಂಡಿ): ಸರ್, ನನ್ನ ಹತ್ತಿರ 7 ವರ್ಷದ ಮಾರವಾಡಿ ಕುದುರೆ ಇದೆ. ಇಷ್ಟು ದಿನ ಜಾತ್ರೆ, ಮದುವೆ ಮೆರವಣಿಗೆ ಅಷ್ಟೇ. ಈ ಚಳಿಗಾಲದಲ್ಲಿ ಇಲ್ಲಿಂದ ವಿಜಯಪುರಕ್ಕೆ, ಅಂದ್ರೆ ಸುಮಾರು 60 ಕಿ.ಮೀ., ಒಂದೇ ದಿನದಲ್ಲಿ ಹೋಗುವ ಆಸೆ. ಎರಡು ತಿಂಗಳಿಂದ ದಿನಾ ಡಾಂಬರು ರಸ್ತೆಯಲ್ಲಿ ಓಡಿಸ್ತಿದ್ದೇನೆ. ಈಗ 10 ಕಿ.ಮೀ. ಓಡಿದರೂ ದಮ್ಮು ಹತ್ತಲ್ಲ. ಹೊರಡಬಹುದಾ?

ಉತ್ತರ (ಪಶುವೈದ್ಯರು): ಈ ಚಳಿಗಾಲ ಬೇಡ ಸರ್, ಮುಂದಿನದಕ್ಕೆ ಇಟ್ಟುಕೊಳ್ಳಿ. ಹೃದಯ, ಶ್ವಾಸಕೋಶ ಎರಡು ಮೂರು ತಿಂಗಳಲ್ಲಿ ಹದಕ್ಕೆ ಬರುತ್ತವೆ. ಕಾಲಿನ ನರ (ಮಾಂಸವನ್ನು ಮೂಳೆಗೆ ಕಟ್ಟುವ ಹುರಿ, ಟೆಂಡನ್), ಕೀಲು, ಮೂಳೆ ಗಟ್ಟಿಯಾಗಲು ಅದರ ಎಷ್ಟೋ ಪಟ್ಟು ಸಮಯ ಬೇಕು. ಅದಕ್ಕೇ ದಮ್ಮು ಹತ್ತದ ಕುದುರೆಯೇ ಜಾಸ್ತಿ ಕುಂಟುತ್ತೆ. ಅದು ಓಡುತ್ತೆ, ನಾವು ಓಡಿಸ್ತೀವಿ.

ಮೊದಲು ದಿನಾ ಓಡಿಸೋದು ನಿಲ್ಲಿಸಿ. ವಾರಕ್ಕೆ ನಾಲ್ಕು ದಿನ ಸಾಕು, ಅದರಲ್ಲಿ ಒಂದು ದಿನ ಮಾತ್ರ ದೂರದ ಸವಾರಿ. ನಡಿಗೆ ಮತ್ತು ದುಡಕಿ (ಹದವಾದ ಓಟ, ಟ್ರಾಟ್) ಅಷ್ಟೇ, ನಾಗಾಲೋಟ ಬೇಡ. ದೂರ ಹೆಚ್ಚಿಸಿದ ವಾರ ವೇಗ ಹೆಚ್ಚಿಸಬೇಡಿ. ಡಾಂಬರಿನ ಮೇಲೆ ನಡೆಸಿ, ದುಡಕಿಗೆ ಹೊಲದ ಗಟ್ಟಿ ಬಂಡಿದಾರಿ ಒಳ್ಳೇದು. ಆದರೆ ಮಳೆ ಬಿದ್ದ ಎರಿ ಹೊಲಕ್ಕೆ ಇಳಿಸಬೇಡಿ. ಆ ಕೆಸರಿನಿಂದ ಕಾಲು ಕೀಳುವಾಗಲೇ ನರಕ್ಕೆ ಪೆಟ್ಟು.

ಸವಾರಿಯ ಮರುದಿನ ಬೆಳಿಗ್ಗೆ ಮುಂಗಾಲಿನ ಮೊಣಕಾಲಿಂದ ಕೆಳಗೆ, ಹಿಂಬದಿಯ ನರದ ಮೇಲೆ ಅಂಗೈ ಸವರಿಕೊಂಡು ಬನ್ನಿ. ಒಂದು ಕಾಲು ಇನ್ನೊಂದಕ್ಕಿಂತ ಬಿಸಿ ಇದ್ದರೆ, ಬೆರಳಿಗೆ ಊತ ಸಿಕ್ಕರೆ, ಅವತ್ತು ಜೀನು ಹಾಕಬೇಡಿ.

ದಮ್ಮು ನೋಡಿ ಅಳೆಯೋದಕ್ಕಿಂತ ನಾಡಿ ಎಣಿಸಿ. ಕುದುರೆಯ ಎಡ ಮುಂಗಾಲಿನ ಮೊಣಕೈ ಹಿಂದೆ, ಎದೆಯ ಮೇಲೆ ಕೈ ಇಟ್ಟು 15 ಸೆಕೆಂಡು ಬಡಿತ ಎಣಿಸಿ, ನಾಲ್ಕರಿಂದ ಗುಣಿಸಿ. ಆರಾಮಾಗಿ ನಿಂತ ಕುದುರೆಗೆ ನಿಮಿಷಕ್ಕೆ 28ರಿಂದ 44 ಇರುತ್ತೆ. ಸವಾರಿ ನಿಲ್ಲಿಸಿ 15 ನಿಮಿಷಕ್ಕೆ 64ಕ್ಕೆ ಇಳಿಯದಿದ್ದರೆ ಅವತ್ತಿನ ಕೆಲಸ ಜಾಸ್ತಿಯಾಯ್ತು ಅಂತ ತಿಳ್ಕೊಳ್ಳಿ. ದೂರದ ಸವಾರಿಯ ಸ್ಪರ್ಧೆಗಳಲ್ಲೂ ಸಾಮಾನ್ಯವಾಗಿ ಇದೇ 64 ನೋಡ್ತಾರೆ.

ಮರುಪ್ರಶ್ನೆ (ಅದೇ ಸದಸ್ಯರು): ಆಯ್ತು ಸರ್. ಮೇವು? ಈಗ ಹುರುಳಿ, ಜೋಳ ಸೇರಿ 4 ಕೆ.ಜಿ. ಒಂದೇ ಹೊತ್ತಿಗೆ ಹಾಕ್ತೀನಿ. ಜೊತೆಗೆ ಎಮ್ಮೆಯ ಹಿಂಡಿ.

ಉತ್ತರ: ಕಾಳನ್ನು ಎರಡು ಮೂರು ಹೊತ್ತಿಗೆ ಹಂಚಿ, ಇಲ್ಲಾಂದ್ರೆ ಹೊಟ್ಟೆಶೂಲೆ ಬರೋ ಅಪಾಯ ಜಾಸ್ತಿ. ಹೊಟ್ಟೆ ತುಂಬಬೇಕಾದದ್ದು ಕಣಿಕೆ, ಹುಲ್ಲಿನಿಂದ. ಬಿಡುವಿನ ದಿನ ಕಾಳು ಅರ್ಧಕ್ಕೆ ಇಳಿಸಿ. ಪೂರ್ತಿ ಕಾಳು ತಿಂದು ನಿಂತ ಕುದುರೆ ಮರುದಿನ ಹೊರಟಾಗ ತೊಡೆ ಸೆಟೆದು, ಕಾಫಿ ಬಣ್ಣದ ಮೂತ್ರ ಹೊಯ್ಯುವುದುಂಟು. ಹಾಗಾದರೆ ಒಂದು ಹೆಜ್ಜೆಯೂ ನಡೆಸದೆ ಡಾಕ್ಟರಿಗೆ ಫೋನ್ ಮಾಡಿ.

ದನದ, ಕೋಳಿಯ ರೆಡಿಮೇಡ್ ಆಹಾರ ಇವತ್ತೇ ನಿಲ್ಲಿಸಿ. ಕೆಲವದರಲ್ಲಿ ಮೊನೆನ್ಸಿನ್ ಅನ್ನೋ ಔಷಧಿ ಇರುತ್ತೆ. ಹೇಳಿದ ಪ್ರಮಾಣದಲ್ಲಿ ದನಕ್ಕೆ ಏನೂ ಆಗಲ್ಲ, ಕುದುರೆಯ ಹೃದಯಕ್ಕೆ ಅದು ವಿಷ.

ಇನ್ನೊಬ್ಬ ಸದಸ್ಯರು (ಗೋಕಾಕ): ಬೆವತ ಕುದುರೆಗೆ ತಣ್ಣೀರು ತಾಗಿಸಬಾರದು ಅಂತಾರಲ್ಲ ಸರ್, ನಮ್ಮ ಹಿರಿಯರೆಲ್ಲ?

ಉತ್ತರ: ಹಿರಿಯರು ಹೇಳಿದ್ದು ಹೌದು ಸರ್, ಆದರೆ ಇದನ್ನು ಬಿಡಬೇಕು. 1996ರ ಅಟ್ಲಾಂಟಾ ಒಲಿಂಪಿಕ್ಸ್‌ನ ಸೆಕೆಗೆ ಕುದುರೆಗಳನ್ನು ಐಸ್ ನೀರಿನಿಂದಲೇ ತಣಿಸಿದರು. ಮೈಮೇಲೆ ಧಾರಾಳ ಸುರಿಯಿರಿ, ಕುಡಿಯಲೂ ಬಿಡಿ. ಕುದುರೆಯ ಬೆವರಿನಲ್ಲಿ ಉಪ್ಪು ತುಂಬಾ ಹೋಗುತ್ತೆ, ಅದಕ್ಕೇ ನೀರು ಬತ್ತಿದರೂ ಕೆಲವಕ್ಕೆ ಬಾಯಾರಿಕೆಯೇ ಆಗಲ್ಲ. ದಿನಾ ಮೇವಿನಲ್ಲಿ ಎರಡು ಚಮಚ ಅಡುಗೆ ಉಪ್ಪು ಹಾಕಿ, ಬೆವತ ದಿನ ಇನ್ನಷ್ಟು. ಬಕೆಟ್ಟಿನಲ್ಲಿ ನೀರು ಮಾತ್ರ ಖಾಲಿ ಆಗಬಾರದು.