ಸಹಾಯ ಬೇಕು: ಕ್ಯಾಲಿಫೋರ್ನಿಯಾದ ಸಾಂಟಾ ಕ್ಲಾರಾ ಕೌಂಟಿಯಲ್ಲಿ ಭೂಕಂಪದ ಸಿದ್ಧತೆ, ಕನ್ನಡದಲ್ಲಿ

ಅಕ್ಟೋಬರ್ ಮೂರನೇ ಗುರುವಾರ ಶೇಕ್‌ಔಟ್ ಡ್ರಿಲ್, ಅಂದರೆ ಭೂಕಂಪವಾದಾಗ ಏನು ಮಾಡಬೇಕೆಂಬ ಸಾಮೂಹಿಕ ಅಭ್ಯಾಸ. ಅದರ ಹಿಂದಿನ ಶನಿವಾರ, ಊರಿಂದ ಬಂದಿರುವ ಅಪ್ಪ-ಅಮ್ಮಂದಿರಿಗೆಂದೇ ಒಂದು ಮಾಹಿತಿ ಮೇಜು ಹಾಕುತ್ತಿದ್ದೇವೆ. ಕನ್ನಡ ಸರಾಗವಾಗಿ ಮಾತಾಡುವ ನಾಲ್ವರು ಬೇಕು, ತಲಾ ಎರಡು ಗಂಟೆ ಸಾಕು.

ಮನದಟ್ಟು ಮಾಡಿಸಲು ಕಷ್ಟವಾಗುವುದು ಒಂದೇ: ನೆಲ ಅಲುಗುವಾಗ ಹೊರಗೆ ಓಡಬಾರದು. ಹಿರಿಯರ ತಲೆಯಲ್ಲಿರುವುದು 'ಬಯಲಿಗೆ ಓಡು' ಅನ್ನುವುದೇ. ಇಲ್ಲಿನ ಮರದ ಚೌಕಟ್ಟಿನ ಮನೆಗಳು ಪೂರ್ತಿ ಕುಸಿಯುವುದು ಅಪರೂಪ. ಓಡುವಾಗ ಎಡವುವುದು, ಒಡೆದ ಗಾಜು, ಚಿಮಣಿಯಿಂದ ಉದುರುವ ಇಟ್ಟಿಗೆ: ಗಾಯವಾಗುವುದು ಇವುಗಳಿಂದ. ಮಂಡಿಯೂರಿ ಮೇಜಿನಡಿ ನುಗ್ಗಿ, ಒಂದು ಕೈಯಲ್ಲಿ ತಲೆ-ಕುತ್ತಿಗೆ ಮುಚ್ಚಿ, ಇನ್ನೊಂದರಲ್ಲಿ ಮೇಜಿನ ಕಾಲು ಹಿಡಿಯಬೇಕು. ಮಂಡಿನೋವಿನವರು ಕುರ್ಚಿಯಲ್ಲೇ ಮುಂದೆ ಬಗ್ಗಿ ಎರಡೂ ಕೈಯಿಂದ ಕುತ್ತಿಗೆ ಮುಚ್ಚಲಿ. ಮಾಡಿಸಿಯೇ ಕಳಿಸಿ, ಕರಪತ್ರ ಚೀಲ ಸೇರುತ್ತದೆ ಅಷ್ಟೇ.

ಗ್ಯಾಸ್ ಮೀಟರಿನ ವಾಲ್ವ್ ತಿರುಗಿಸುವುದು ಕಾಲು ಸುತ್ತು, ಪೈಪಿಗೆ ಅಡ್ಡವಾಗುವಂತೆ. ಅದೂ ವಾಸನೆ ಬಂದರೆ, ಬುಸ್ಸೆನ್ನುವ ಸದ್ದು ಕೇಳಿದರೆ ಮಾತ್ರ. ಭಯಕ್ಕೆ ಮುಚ್ಚಿದರೆ ಮತ್ತೆ ನೀವೇ ತೆರೆಯುವಂತಿಲ್ಲ, ಕಂಪನಿಯವರೇ ಬರಬೇಕು. ದೊಡ್ಡ ಕಂಪನದ ನಂತರ ಅದು ದಿನಗಟ್ಟಲೆ ಕಾಯುವ ಕೆಲಸ.

ನೀರು: ತಲೆಗೆ ದಿನಕ್ಕೆ ಒಂದು ಗ್ಯಾಲನ್, ಅಂದರೆ 3.8 ಲೀಟರ್, ಕನಿಷ್ಠ 3 ದಿನಕ್ಕೆ.

ಯಾರ ಹತ್ತಿರವಾದರೂ ಹಳೆಯ ಗ್ಯಾಸ್ ವಾಲ್ವ್, 12 ಇಂಚಿನ ವ್ರೆಂಚ್, ವಾಟರ್ ಹೀಟರಿಗೆ ಬಿಗಿಯುವ ಪಟ್ಟಿ ಇದ್ದರೆ ಒಂದು ದಿನದ ಮಟ್ಟಿಗೆ ಕೊಡಿ. ಗಾಜು ಹಾಕಿದ ದೊಡ್ಡ ದೇವರ ಫೋಟೊ ಒಂದು ಬೇಕು: ಮಂಚದ ತಲೆದೆಸೆಯಲ್ಲಿ ಬರಿಯ ಮೊಳೆಗೆ ನೇತುಹಾಕಿದರೆ ಏನಾಗುತ್ತದೆಂದು ತೋರಿಸಲು. ಬರುವವರು ಕೌಂಟಿಯ ತುರ್ತು ಸಂದೇಶ ಸೇವೆಯಾದ ಅಲರ್ಟ್‌ಎಸ್‌ಸಿಸಿಯಲ್ಲಿ ನೋಂದಾಯಿಸಿಕೊಂಡು, ಭೂಕಂಪದ ಮುನ್ನೆಚ್ಚರಿಕೆ ಕೊಡುವ ಮೈಶೇಕ್ ಆ್ಯಪ್ ಹಾಕಿಕೊಂಡು ಬನ್ನಿ. ಹೆಸರು, ಬರಬಹುದಾದ ಹೊತ್ತು ಕೆಳಗೆ ಬರೆಯಿರಿ.