ಅಜ್ಜಿಯ ಕಾಮಾಕ್ಷಿ ದೀಪ ಮನೇಲಿ ಇಟ್ಟುಕೊಳ್ಳಬಹುದಾ?

ಲಿಂಗರಾಜಪುರದವಳು
ಎಲ್ಲರಿಗೂ ವಂದನೆ. ನಾವು ಪ್ರೊಟೆಸ್ಟೆಂಟ್, ಆದರೆ ಅಮ್ಮನ ತವರಿನವರು ಹಿಂದೂಗಳು. ಅಜ್ಜಿ ತೀರಿಕೊಂಡ ಮೇಲೆ ಅವರ ಹಿತ್ತಾಳೆ ಕಾಮಾಕ್ಷಿ ದೀಪ ನನಗೆ ಬಂತು. ಹಿಂಬದಿಯಲ್ಲಿ ಗಜಲಕ್ಷ್ಮಿ, ಆಚೆ ಈಚೆ ಆನೆ, ಹುಣಸೆಹಣ್ಣು ಹಾಕಿ ತಿಕ್ಕಿ ತಿಕ್ಕಿ ಲಕ್ಷ್ಮಿ ಮುಖವೇ ಸವೆದುಹೋಗಿದೆ. ಹಚ್ಚಲ್ಲ, ಪೂಜೆ ಇಲ್ಲ, ಶೋಕೇಸ್‌ನಲ್ಲಿ ಸುಮ್ನೆ ಇಟ್ಟಿದ್ದೇನೆ. ಹೊಸ ಮನೆ ಪ್ರಾರ್ಥನೆಗೆ ಬಂದ ಸಭೆಯ ಹಿರಿಯರೊಬ್ಬರು ಅಮ್ಮನ ಎದುರೇ ಇದು ಶಾಪ, ಇವತ್ತೇ ಎಸೆಯಿರಿ ಅಂದುಬಿಟ್ಟರು. ಅಮ್ಮ ಊಟ ಮಾಡಲಿಲ್ಲ. ಬೈಬಲ್ ವಾಕ್ಯದ ಪ್ರಕಾರ ಏನು ಸರಿ, ಹೇಳಿ.

ಹೊರಮಾವು ಬ್ರದರ್
ಸಿಸ್ಟರ್, ಬೇಜಾರಾದರೂ ನೇರವಾಗಿ ಹೇಳ್ತೀನಿ. ಧರ್ಮೋಪದೇಶಕಾಂಡ 7:25-26 ಓದಿ. ವಿಗ್ರಹದ ಮೇಲಿನ ಬೆಳ್ಳಿಬಂಗಾರಕ್ಕೂ ಆಸೆಪಡಬಾರದು, ಅಂಥದ್ದನ್ನು ಮನೆಯೊಳಗೆ ತರಲೇಬಾರದು ಅಂತಿದೆ. ಎಫೆಸ ಪಟ್ಟಣದಲ್ಲಿ ಯೇಸುವನ್ನು ನಂಬಿದವರು 50,000 ಬೆಳ್ಳಿ ನಾಣ್ಯ ಬೆಲೆಬಾಳುವ ಮಾಟದ ಪುಸ್ತಕಗಳನ್ನೇ ಸುಟ್ಟರು. ಪೂಜೆಗೆ ಅಂತಲೇ ಮಾಡಿದ್ದು ಅಲ್ವಾ ಇದು? ಎಸೆಯೋದು ಬೇಡ, ತವರಿನವರಿಗೆ ಕೊಟ್ಟುಬಿಡಿ.

ಫ್ರೇಜರ್‌ಟೌನ್ ಕಥೋಲಿಕ
ನಮ್ಮಲ್ಲಿ ಇಷ್ಟು ಕಟ್ಟುನಿಟ್ಟಿಲ್ಲ. ಭಾರತದ ಕಥೋಲಿಕ ಬಲಿಪೂಜೆಯಲ್ಲಿ (ಮಾಸ್) ಆರತಿ ಮಾಡಬಹುದು, ಮೇಣದಬತ್ತಿ ಬದಲು ಎಣ್ಣೆ ದೀಪ ಹಚ್ಚಬಹುದು ಅಂತ 1969ರಲ್ಲೇ ರೋಮ್‌ನಿಂದ ಒಪ್ಪಿಗೆ ಬಂದಿದೆ. ಶಿವಾಜಿನಗರದ ಸೇಂಟ್ ಮೇರಿ ಬೆಸಿಲಿಕಾದಲ್ಲಿ ಮಾತೆಗೆ ಸೀರೆ ಉಡಿಸ್ತಾರೆ, ಸೆಪ್ಟೆಂಬರ್ 8ಕ್ಕೆ ತೇರು ಎಳೀತಾರೆ. ಹಾಗಂತ ಲಕ್ಷ್ಮಿ ಇರೋ ದೀಪವನ್ನ ಪ್ರಾರ್ಥನೆ ಜಾಗದಲ್ಲಿ ನಾನೂ ಇಡಲ್ಲ. ಶೋಕೇಸ್‌ನಲ್ಲಿದ್ದರೆ ಏನು ತಪ್ಪು?

ಕಾಕ್ಸ್‌ಟೌನ್ ಓದುಗ
ಬ್ರದರ್, ನೀವು ಕೊಟ್ಟ ವಚನ ಕಾನಾನ್ ನಾಡಿನ ವಿಗ್ರಹಗಳನ್ನು ಸುಡುವಾಗ ಇಸ್ರಾಯೇಲ್ ಜನ ಅದರ ಚಿನ್ನ ಬಾಚಿಕೊಳ್ಳದಿರಲಿ ಅಂತ ಹೇಳಿದ್ದು. 2 ಅರಸು 18:4 ಕೂಡ ನೋಡಿ. ತಾಮ್ರಸರ್ಪ ಮಾಡಿದ್ದು ಮೋಶೆಯೇ, ಅದೂ ದೇವರು ಹೇಳಿ. ಎಷ್ಟೋ ತಲೆಮಾರು ಅದು ಹಾಗೇ ಇತ್ತು, ಜನ ಅದಕ್ಕೆ ಧೂಪ ಹಾಕ್ತಿದ್ದರು ಅಂತ ಅರಸ ಹಿಜ್ಕೀಯ ಒಡೆದುಹಾಕಿದ. ಅಕ್ಕನ ಮನೇಲಿ ಧೂಪ ಯಾರು ಹಾಕ್ತಿದ್ದಾರೆ? 1 ಕೊರಿಂಥ 8ರಲ್ಲಿ ಪೌಲ ವಿಗ್ರಹ ಏನೂ ಅಲ್ಲ ಅಂತಾನೆ, ಆದರೆ ನಂಬಿಕೆಯಲ್ಲಿ ಬಲಹೀನರು ಎಡವೋ ಹಾಗೆ ನಡೆಯಬೇಡಿ ಅಂತಲೂ ಅಲ್ಲೇ ಇದೆ. ಅದಕ್ಕೇ ಅಕ್ಕಾ, ಪ್ರೇಯರ್ ಮೀಟಿಂಗ್ ಇರೋ ದಿನ ದೀಪ ಒಳಗಿಡಿ. ಎಸೆದು ಅಮ್ಮನ ಮನಸ್ಸು ನೋಯಿಸಬೇಡಿ, ತಂದೆತಾಯಿಯನ್ನ ಸನ್ಮಾನಿಸು ಅನ್ನೋದೂ ಆಜ್ಞೆಯೇ.

ಲಿಂಗರಾಜಪುರದವಳು
ಎಲ್ಲರಿಗೂ ಥ್ಯಾಂಕ್ಸ್. ಹೊರಮಾವು ಬ್ರದರ್, ಕೊಡೋಣ ಅಂದರೆ ತವರಿನಲ್ಲಿ ಯಾರೂ ಉಳಿದಿಲ್ಲ. ಸದ್ಯಕ್ಕೆ ಬೀರುವಿನಲ್ಲಿಡ್ತೀನಿ, ಎಸೆಯಲ್ಲ. ಭಾನುವಾರ ಆರಾಧನೆ ಮುಗಿದ ಮೇಲೆ ಆ ಹಿರಿಯರ ಹತ್ತಿರ ಮಾತಾಡ್ತೀನಿ, ಅಮ್ಮನಿಗೆ ಶಾಪದ ಮಾತು ಹೇಳಿದ್ದು ನನಗೆ ಸರಿ ಕಾಣಲಿಲ್ಲ.