ಲೆಕ್ಕ ಇಡಲು ಶುರು ಮಾಡಿದ ಮೇಲೆ ಐಸಿಯುನಲ್ಲಿ ಸೋಂಕು "ಜಾಸ್ತಿ" ಆಗಿದೆ, ಮ್ಯಾನೇಜ್‌ಮೆಂಟಿಗೆ ಏನು ಹೇಳಲಿ?

ಐಸಿಯು_ಸಿಸ್ಟರ್ ಕೇಳಿದ್ದು:

ಜಿಲ್ಲಾ ಕೇಂದ್ರವೊಂದರ ಖಾಸಗಿ ಆಸ್ಪತ್ರೆಯಲ್ಲಿ ಕೆಲಸ. ಹತ್ತು ಬೆಡ್‌ನ ಐಸಿಯುನಲ್ಲಿ ಸ್ಟಾಫ್ ನರ್ಸ್ ಆಗಿದ್ದೆ, ಈಗ ಇನ್ಫೆಕ್ಷನ್ ಕಂಟ್ರೋಲ್ ನರ್ಸ್ ಮಾಡಿದ್ದಾರೆ. ಹಳೇ ಫೈಲ್ ತೆಗೆದು ನೋಡಿದರೆ ಕ್ಯಾಥೆಟರ್‌ನಿಂದ (ಮೂತ್ರಕೋಶಕ್ಕೆ ಹಾಕುವ ನಳಿಕೆ) ಬರುವ ಮೂತ್ರಸೋಂಕಿನ ಕಾಲಂನಲ್ಲಿ ಪ್ರತಿ ತಿಂಗಳೂ ಸೊನ್ನೆ. ನಾನು ದಿನಾ ಬೆಡ್ ಹತ್ತಿರ ಹೋಗಿ ನೋಡಿ, ಲ್ಯಾಬ್ ರಿಪೋರ್ಟ್ ಜೊತೆ ತಾಳೆ ಹಾಕಿ ಬರೆಯತೊಡಗಿದೆ. ಕಳೆದ ತಿಂಗಳು 240 ಕ್ಯಾಥೆಟರ್ ದಿನಗಳಿಗೆ (ಒಬ್ಬ ರೋಗಿಗೆ ಒಂದು ದಿನ ಕ್ಯಾಥೆಟರ್ ಇದ್ದರೆ ಅದು ಒಂದು ಕ್ಯಾಥೆಟರ್ ದಿನ) 3 ಸೋಂಕು, ಅಂದರೆ ಸಾವಿರ ಕ್ಯಾಥೆಟರ್ ದಿನಕ್ಕೆ 12.5. ಮೀಟಿಂಗ್‌ನಲ್ಲಿ "ನೀವು ಬಂದ ಮೇಲೇ ಇದೆಲ್ಲ ಶುರುವಾಯ್ತಾ?" ಅಂತ ಕೇಳಿದರು. ಕಡಿಮೆ ಬರೆಯಿರಿ ಅಂತ ಯಾರೂ ಬಾಯಿಬಿಟ್ಟು ಹೇಳಿಲ್ಲ, ಆದರೆ ಮಾತಿನ ಧಾಟಿ ಅದೇ. ಮೂವರಲ್ಲಿ ಇಬ್ಬರದು ಕ್ಲೆಬ್ಸಿಯೆಲ್ಲಾ ಬ್ಯಾಕ್ಟೀರಿಯಾ, ಮೆರೊಪೆನೆಮ್‌ನಂಥ ಪ್ರಬಲ ಆಂಟಿಬಯಾಟಿಕ್‌ಗೂ ಬಗ್ಗದ್ದು. ಇಬ್ಬರೂ ಅಕ್ಕಪಕ್ಕದ ಬೆಡ್‌ನವರು. ಏನು ಮಾಡಲಿ?

ಕರಾವಳಿ_ಐಸಿಎನ್:

ಸಿಸ್ಟರ್, ಮೊದಲು ಒಂದು ಮಾತು. ಆ ಅಂಕಿಯನ್ನು ಯಾವ ಕಾರಣಕ್ಕೂ ತಿದ್ದಬೇಡಿ. ಸೋಂಕು ನೀವು ಬಂದ ಮೇಲೆ ಶುರುವಾದದ್ದಲ್ಲ, ನೀವು ಬಂದ ಮೇಲೆ ಕಾಣಿಸಿದ್ದು. ವರ್ಷಗಟ್ಟಲೆ ಸೊನ್ನೆ ಬರೆದಿದ್ದಾರೆ ಅಂದರೆ ಆ ಕಾಲಂ ತುಂಬಿದವರು ಬೆಡ್ ಹತ್ತಿರ ಹೋಗಿಲ್ಲ ಅನ್ನುವುದು ನನ್ನ ಖಚಿತ ಅಭಿಪ್ರಾಯ.

ಆದರೆ ಮೀಟಿಂಗ್‌ಗೆ ಹೋಗುವ ಮುಂಚೆ ಆ ಮೂರೂ ಕೇಸ್ ಶೀಟ್ ಮತ್ತೆ ತೆಗೆಯಿರಿ. ಲ್ಯಾಬಿನಲ್ಲಿ ಮೂತ್ರದ ಕಲ್ಚರ್‌ನಲ್ಲಿ ಏನೋ ಬೆಳೆಯಿತು ಅಂದ ಮಾತ್ರಕ್ಕೆ ಅದು ಲೆಕ್ಕಕ್ಕೆ ಬರುವ ಸೋಂಕಲ್ಲ. ಕ್ಯಾಥೆಟರ್ ಎರಡು ದಿನಕ್ಕಿಂತ ಹೆಚ್ಚು ಇದ್ದಿರಬೇಕು, 38 ಡಿಗ್ರಿ ಮೀರಿದ ಜ್ವರವೋ ಕಿಬ್ಬೊಟ್ಟೆ ನೋವೋ ಅಂಥ ಲಕ್ಷಣ ಇರಬೇಕು, ಮಿಲಿಲೀಟರಿಗೆ ಕನಿಷ್ಠ ಒಂದು ಲಕ್ಷ ಬ್ಯಾಕ್ಟೀರಿಯಾ ಎಣಿಕೆ ಬಂದಿರಬೇಕು. ಅಮೆರಿಕದ ರೋಗ ನಿಯಂತ್ರಣ ಸಂಸ್ಥೆ ಸಿಡಿಸಿ 2015ರಿಂದ ಕ್ಯಾಂಡಿಡಾ ಎಂಬ ಶಿಲೀಂಧ್ರವನ್ನು ಇದರಲ್ಲಿ ಸೇರಿಸುತ್ತಿಲ್ಲ. ಸ್ಯಾಂಪಲ್ ಎಲ್ಲಿಂದ ತೆಗೆದರು ಅಂತಲೂ ಕೇಳಿ. ಯೂರೋಬ್ಯಾಗಿನ (ಮೂತ್ರ ಸೇರುವ ಚೀಲ) ನಲ್ಲಿ ತಿರುಗಿಸಿ ಹಿಡಿದ ಮೂತ್ರಕ್ಕೆ ಬೆಲೆಯಿಲ್ಲ, ಪೈಪಿನಲ್ಲಿರುವ ಸ್ಯಾಂಪ್ಲಿಂಗ್ ಪೋರ್ಟ್ ಒರೆಸಿ ಸಿರಿಂಜ್‌ನಲ್ಲಿ ಎಳೆದಿರಬೇಕು.

ಇಷ್ಟೆಲ್ಲ ಆದ ಮೇಲೂ ಮೂರು ಮೂರೇ ಆಗಿದ್ದರೆ, ಮೂರು ಅಂತಲೇ ಹೇಳಿ. ಒಂದು ಕೇಸ್ ಹೆಚ್ಚಿದ್ದರೆ 12.5 ಹೋಗಿ 16.7 ಆಗುತ್ತಿತ್ತು, ಇಷ್ಟು ಚಿಕ್ಕ ಐಸಿಯುನಲ್ಲಿ ಒಂದು ತಿಂಗಳ ಅಂಕಿ ಹೀಗೇ ಜಿಗಿಯುತ್ತದೆ. ಮೂರು ಮೂರು ತಿಂಗಳು ಕೂಡಿಸಿ ತೋರಿಸಿ.

ನಿಜವಾದ ಸಮಸ್ಯೆ ಇರುವುದು ಆ 240ರಲ್ಲಿ. ಹತ್ತು ಬೆಡ್ ತಿಂಗಳಿಡೀ ತುಂಬಿದ್ದರೂ 300 ರೋಗಿ ದಿನ. ಅಂದರೆ ಹತ್ತರಲ್ಲಿ ಎಂಟು ಮಂದಿಗಾದರೂ ಕ್ಯಾಥೆಟರ್! ಗಂಟೆಗಂಟೆಗೆ ಮೂತ್ರ ಅಳೆಯಬೇಕಾದವರು, ಮೂತ್ರ ಕಟ್ಟಿದವರು ಎಷ್ಟು ಜನ? ಉಳಿದವರಿಗೆ ಬೆಡ್‌ಶೀಟ್ ಒದ್ದೆಯಾಗದಿರಲಿ ಅಂತ ಬಿಟ್ಟದ್ದು. ದಿನಾ ರೌಂಡ್ಸ್‌ನಲ್ಲಿ ಪ್ರತಿ ಬೆಡ್ ಮುಂದೆ "ಇವತ್ತೂ ಇದು ಬೇಕಾ ಡಾಕ್ಟರ್?" ಅಂತ ಕೇಳಿ. ಗಂಡಸರಲ್ಲಿ ಎಷ್ಟೋ ಜನಕ್ಕೆ ಹೊರಗಿನಿಂದ ಹಾಕುವ ಕಾಂಡೋಮ್ ಕ್ಯಾಥೆಟರ್ ಸಾಕು.

ಇನ್ನೊಂದು ವಿಷಯ ಈಗಲೇ ಹೇಳಿಬಿಡಿ, ಆಮೇಲೆ ನಿಮ್ಮ ತಲೆ ಮೇಲೆ ಗೂಬೆ ಕೂರಿಸುತ್ತಾರೆ. ಬೇಡದ ಕ್ಯಾಥೆಟರ್ ತೆಗೆದಂತೆಲ್ಲ ಭಾಗಿಸುವ ಸಂಖ್ಯೆ, ಅಂದರೆ ಕ್ಯಾಥೆಟರ್ ದಿನ, ಚಿಕ್ಕದಾಗುತ್ತದೆ, ಉಳಿಯುವವರು ತೀರಾ ಕಾಯಿಲೆಯವರು. ಸೋಂಕಾದವರು ಕಡಿಮೆಯಾದರೂ ಸಾವಿರದ ಲೆಕ್ಕದ ದರ ಏರಬಹುದು. ಹಾಗಾಗಿ ದರ, ಸೋಂಕಾದವರ ಸಂಖ್ಯೆ, ಕ್ಯಾಥೆಟರ್ ಬಳಕೆ ಮೂರನ್ನೂ ಒಂದೇ ಹಾಳೆಯಲ್ಲಿ ಕೊಡಿ.

ಅಮೆರಿಕದ ಸೆನಿಕ್ ಅಧ್ಯಯನ 1985ರಲ್ಲೇ ಹೇಳಿದ್ದು ನೆನಪಿಟ್ಟುಕೊಳ್ಳಿ: ಸರಿಯಾಗಿ ಎಣಿಸಿ, ತರಬೇತಾದ ನರ್ಸ್ ಇಟ್ಟು, ಫಲಿತಾಂಶವನ್ನು ಡಾಕ್ಟರುಗಳಿಗೆ ತಿಳಿಸಿದ ಆಸ್ಪತ್ರೆಗಳಲ್ಲಿ ಸೋಂಕು ಸುಮಾರು ಮೂರನೇ ಒಂದರಷ್ಟು ಇಳಿಯಿತು. ಎಣಿಸದ ಕಡೆ ಏರಿತು.

ಮೈಕ್ರೋಬಯಾಲಜಿ_ಬೆಂಚ್:

ಆ ಎರಡು ಕ್ಲೆಬ್ಸಿಯೆಲ್ಲಾ ರಿಪೋರ್ಟ್ ಅಕ್ಕಪಕ್ಕ ಇಟ್ಟು ಯಾವ ಔಷಧಿಗೆ ಬಗ್ಗುತ್ತದೆ, ಯಾವುದಕ್ಕೆ ಬಗ್ಗುವುದಿಲ್ಲ ಅನ್ನುವ ಆಂಟಿಬಯಾಟಿಕ್ ಪಟ್ಟಿ ಸಾಲುಸಾಲಾಗಿ ಹೋಲಿಸಿ. ಎಲ್ಲಾ ಸಾಲೂ ಒಂದೇ ಇದ್ದು, ತಾರೀಖೂ ಹತ್ತಿರವಿದ್ದರೆ ಒಬ್ಬರಿಂದ ಒಬ್ಬರಿಗೆ ಹೋಗಿದೆ ಅಂತಲೇ ಹಿಡಿದು ಕೆಲಸ ಶುರು ಮಾಡಿ. ಜೀನ್ ಪರೀಕ್ಷೆಗೆ ಕಾಯಬೇಡಿ.

ಬೆಳಗಿನ ಜಾವ ಬ್ಯಾಗ್ ಖಾಲಿ ಮಾಡುವ ಹೊತ್ತಿಗೆ ಹೋಗಿ ನಿಂತು ನೋಡಿ. ಎಷ್ಟೋ ಕಡೆ ಒಂದೇ ಪ್ಲಾಸ್ಟಿಕ್ ಜಗ್. ಒಂದನೇ ಬೆಡ್‌ನಿಂದ ಹತ್ತನೇ ಬೆಡ್‌ವರೆಗೆ ಅದೇ ಜಗ್, ಅದೇ ಗ್ಲೌಸ್. ಬ್ಯಾಗಿನ ನಲ್ಲಿಯ ತುದಿ ಜಗ್ಗಿನ ಅಂಚಿಗೆ ತಾಗುತ್ತದೆ, ಜಗ್ ಮುಂದಿನ ಬೆಡ್‌ಗೆ ಹೋಗುತ್ತದೆ. ಪ್ರತಿ ರೋಗಿಗೂ ಬೇರೆ ಜಗ್, ಅದರ ಮೇಲೆ ಬೆಡ್ ನಂಬರ್, ಪ್ರತಿ ಬೆಡ್‌ಗೂ ಹೊಸ ಗ್ಲೌಸ್, ಗ್ಲೌಸ್ ತೆಗೆದ ಮೇಲೆ ಹ್ಯಾಂಡ್‌ರಬ್. ಇದಕ್ಕೆ ಹೆಚ್ಚು ಖರ್ಚಿಲ್ಲ, ನಾಳೆಯೇ ಮಾಡಬಹುದು.

ಅಮ್ಮನ_ಜೊತೆಗಿದ್ದವನು:

ನಾನು ವೈದ್ಯಕೀಯದವನಲ್ಲ. ಅಮ್ಮನನ್ನು ಸ್ಕ್ಯಾನ್‌ಗೆ ಕರೆದೊಯ್ಯುವಾಗ ಸ್ಟ್ರೆಚರ್ ಮೇಲೆ ಮೂತ್ರದ ಬ್ಯಾಗನ್ನು ಅವರ ಹೊಟ್ಟೆ ಮೇಲೇ ಇಟ್ಟಿದ್ದರು. ಪೈಪಿನಲ್ಲಿದ್ದದ್ದು ಹಿಂದಕ್ಕೆ ಹರಿಯುವುದು ಕಣ್ಣಿಗೇ ಕಾಣುತ್ತಿತ್ತು. ಅದು ತಪ್ಪು ತಾನೇ? ಮನೆಯವರು ಹೇಳಬಹುದಾ?

ಕರಾವಳಿ_ಐಸಿಎನ್:

ಖಂಡಿತ ತಪ್ಪು, ಖಂಡಿತ ಹೇಳಬಹುದು. ಹೊರಡುವ ಮುಂಚೆ ಬ್ಯಾಗ್ ಖಾಲಿ ಮಾಡಿ, ಸ್ಟ್ರೆಚರಿನ ಪಕ್ಕದ ಕಂಬಿಗೆ ಮೂತ್ರಕೋಶಕ್ಕಿಂತ ಕೆಳಗೆ, ನೆಲಕ್ಕೆ ತಾಗದ ಹಾಗೆ ನೇತುಹಾಕಬೇಕು. ಸಿಸ್ಟರ್, ಇದನ್ನು ನಿಮ್ಮ ವಾರ್ಡ್ ಬಾಯ್‌ಗಳಿಗೂ ಕಲಿಸಿ. ಟ್ರೈನಿಂಗ್ ಅಂದರೆ ನರ್ಸ್‌ಗಳನ್ನು ಮಾತ್ರ ಕೂರಿಸುತ್ತಾರೆ, ಬ್ಯಾಗ್ ಎತ್ತುವ ಕೈ ಬೇರೆಯೇ ಇರುತ್ತದೆ.

ಐಸಿಯು_ಸಿಸ್ಟರ್:

ಎಲ್ಲರಿಗೂ ಧನ್ಯವಾದ. ಎರಡೂ ರಿಪೋರ್ಟಿನ ಪಟ್ಟಿ ಒಂದೇ ಇದೆ. ಜಗ್ ವಿಷಯವೂ ನಿಜ, ಇಡೀ ಐಸಿಯುಗೆ ಎರಡೇ ಇದ್ದವು. ಬೇರೆ ಬೇರೆ ಜಗ್ ಇವತ್ತೇ ತರಿಸಿದ್ದೇವೆ. ಬೆಳಗ್ಗೆ ರೌಂಡ್ಸ್‌ನಲ್ಲಿ ಕೇಳಿದ್ದಕ್ಕೆ ಇಬ್ಬರ ಕ್ಯಾಥೆಟರ್ ತೆಗೆಯಲು ಆರ್ಡರ್ ಬರೆದರು. ಒಬ್ಬರಿಗೆ ಇನ್ನೂ ಮೂತ್ರ ಹೋಗಿಲ್ಲ, ಡ್ಯೂಟಿ ಡಾಕ್ಟರ್ ಮತ್ತೆ ಫೋಲಿ (ಒಳಗೇ ಬಿಡುವ ಕ್ಯಾಥೆಟರ್) ಹಾಕಿಬಿಡೋಣ ಅನ್ನುತ್ತಿದ್ದಾರೆ.

ಕರಾವಳಿ_ಐಸಿಎನ್:

ತೆಗೆದು ಎಷ್ಟು ಹೊತ್ತಾಯಿತು? ನಾಲ್ಕರಿಂದ ಆರು ಗಂಟೆ ನೋಡಬಹುದು, ಅಷ್ಟರಲ್ಲಿ ಕಿಬ್ಬೊಟ್ಟೆ ಉಬ್ಬಿದರೆ, ನೋವು ಬಂದರೆ ಕಾಯಬೇಡಿ. ಬ್ಲಾಡರ್ ಸ್ಕ್ಯಾನರ್ ಇಲ್ಲದಿದ್ದರೆ ಅಲ್ಟ್ರಾಸೌಂಡ್‌ನಲ್ಲೇ ಮೂತ್ರಕೋಶ ನೋಡಲು ಡಾಕ್ಟರನ್ನು ಕೇಳಿ. ತುಂಬಿದ್ದರೆ ಶುದ್ಧ ವಿಧಾನದಲ್ಲಿ ಒಂದು ಸಲ ನಳಿಕೆ ಹಾಕಿ ಖಾಲಿ ಮಾಡಿ ತೆಗೆಯಬಹುದಾ ಅಂತ ಮೊದಲು ಕೇಳಿ. ಹಾಗೆ ಮಾಡಿದರೂ ಮತ್ತೆ ಮತ್ತೆ ಕಟ್ಟಿದರೆ ಮಾತ್ರ ಫೋಲಿ. ಹಾಕಿದರೆ ತಾರೀಖು, ಕಾರಣ ಎರಡನ್ನೂ ಕೇಸ್ ಶೀಟ್‌ನಲ್ಲಿ ಬರೆಸಿ.